ನರಾಮ್‌ಸಿನ್‌ನ ವಿಜಯಶಿಲೆ: ಕೊಂಬು, ನಕ್ಷತ್ರ ಮತ್ತು ಅರಸು

ಅರಸರು ತಮ್ಮ ಗೆಲವನ್ನು ಕಲ್ಲಿನಲ್ಲಿ ಕಡೆಯಿಸಿ ನಿಲ್ಲಿಸುವ ಪದ್ಧತಿ ಬಹು ಪುರಾತನವಾದುದು. ಅಂತಹ ಕಲ್ಲಿನ ಮೇಲಿನ ಬರಹವನ್ನು ಓದಲು ಲಿಪಿಜ್ಞಾನ ಬೇಕು, ಭಾಷಾಜ್ಞಾನ ಬೇಕು. ಚಿತ್ರವಾದರೋ ಕಣ್ಣಿದ್ದವರಿಗೆಲ್ಲ ತಿಳಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಚಿತ್ರಕ್ಕೂ ಅದರದೇ ಆದ ಲಿಪಿಯುಂಟು, ವ್ಯಾಕರಣವುಂಟು. ಅದನ್ನರಿಯದೆ ಓದಿದವರು ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಲ್ಲಿ ಆಡಿಸಿಬಿಡುತ್ತಾರೆ. ಈ ಮಾತಿಗೆ ಮೆಸೊಪೊಟೇಮಿಯದ ಅರಸ ನರಾಮ್‌ಸಿನ್‌ನ ವಿಜಯಶಿಲೆ ಒಳ್ಳೆಯ ನಿದರ್ಶನ. ಮಾನವನೊಬ್ಬನು ತಾನೇ ದೇವರೆಂದು ಸಾರಿಕೊಂಡ ಅಹಂಕಾರದ ಸ್ಮಾರಕವೆಂದು ಇದನ್ನು ವರ್ಣಿಸುವುದು ವಾಡಿಕೆಯಾಗಿದೆ. ಆ ವರ್ಣನೆ ಎಷ್ಟರಮಟ್ಟಿಗೆ ಸರಿ? ಶಿಲೆಯ ಮೇಲಿನ ಸಂಕೇತಗಳು ನಿಜವಾಗಿ ಏನನ್ನು ಹೇಳುತ್ತವೆ? ಇದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಅರಸನೂ ಶಿಲೆಯೂ

ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಬಯಲಿನಲ್ಲಿ ಸುಮೇರಿಯನ್ನರ ನಗರರಾಜ್ಯಗಳು ಶತಮಾನಗಳ ಕಾಲ ತಮ್ಮತಮ್ಮಲ್ಲಿ ಕಾದಾಡುತ್ತಿದ್ದವು. ಅವುಗಳನ್ನೆಲ್ಲ ಒಂದು ಆಳ್ವಿಕೆಗೆ ತಂದವನು ಅಕ್ಕಾಡಿನ ಸಾರ್ಗಾನ್. ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ಕಾಲಗಣನೆಯಂತೆ ಅವನು ಸುಮಾರು ಕ್ರಿ.ಪೂ. 2334ರಿಂದ 2279ರವರೆಗೆ ಆಳಿದನು. ಅವನ ಮೊಮ್ಮಗನೇ ನರಾಮ್‌ಸಿನ್; ಆಳ್ವಿಕೆಯ ಕಾಲ ಸುಮಾರು ಕ್ರಿ.ಪೂ. 2254ರಿಂದ 2218. ಅವನ ಹೆಸರಿಗೆ 'ಸಿನ್ ದೇವನ ಪ್ರೀತಿಪಾತ್ರ' ಎಂದು ಅರ್ಥ. ಸಿನ್ ಎಂದರೆ ಚಂದ್ರದೇವತೆ. 'ನಾಲ್ಕು ದಿಕ್ಕುಗಳ ಅರಸ' ಎಂಬ ಬಿರುದನ್ನು ಈತ ಧರಿಸಿದ್ದನು.

ವಿಜಯಶಿಲೆಯು ನಸುಗೆಂಪು ಬಣ್ಣದ ಕಲ್ಲು. ಎತ್ತರ ಸುಮಾರು 2 ಮೀಟರು, ಅಗಲ ಸುಮಾರು 1 ಮೀಟರು. ಮೇಲ್ತುದಿ ಒಡೆದುಹೋಗಿದೆ, ಕೆಳಭಾಗವೂ ಸವೆದಿದೆ. ಜಾಗ್ರೋಸ್ ಪರ್ವತಪ್ರದೇಶದ ಲುಲ್ಲುಬಿ ಎಂಬ ಗುಡ್ಡಗಾಡಿನ ಜನರ ಮೇಲೆ ನರಾಮ್‌ಸಿನ್ ಸಾಧಿಸಿದ ವಿಜಯವೇ ಇದರ ವಸ್ತು. 1898ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞ ಜಾಕ್ ದ ಮಾರ್ಗನ್ ಅವರ ಉತ್ಖನನದಲ್ಲಿ ಇದು ದೊರೆಯಿತು. ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ದೊರೆತ ಸ್ಥಳ ಮಾತ್ರ ಅಕ್ಕಾಡಿನ ನೆಲವಲ್ಲ. ಇಂದಿನ ಇರಾನಿನಲ್ಲಿರುವ ಸೂಸಾ ನಗರ. ಕಲ್ಲು ಅಲ್ಲಿಗೆ ಹೋದ ಬಗೆಯನ್ನು ಮುಂದೆ ನೋಡೋಣ.

ಚಿತ್ರದ ವಿನ್ಯಾಸ

ಶಿಲೆಯ ಬಲಭಾಗದಲ್ಲಿ ಶಂಕುವಿನ ಆಕಾರದ ಒಂದು ಶಿಖರವಿದೆ. ಅದರತ್ತ ಓರೆಯಾಗಿ ಏರುವ ದಾರಿ. ನಡುನಡುವೆ ಮರಗಳು. ಅಕ್ಕಾಡಿನ ಸೈನಿಕರು ಧ್ವಜದಂಡಗಳನ್ನು ಹಿಡಿದು ಕ್ರಮವಾಗಿ ಮೇಲೇರುತ್ತಿದ್ದಾರೆ. ಶತ್ರುಗಳಾದರೋ ಜಡೆ ಹೆಣೆದ ತಲೆಗೂದಲಿನವರು, ತೊಗಲುಡುಗೆಯವರು. ಅವರಲ್ಲಿ ಕ್ರಮವೆಂಬುದಿಲ್ಲ. ಒಬ್ಬನು ಬೆಟ್ಟದಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಒಬ್ಬನು ಕೊರಳಿಗೆ ನಾಟಿದ ಆಯುಧವನ್ನು ಹಿಡಿದು ಕುಸಿದಿದ್ದಾನೆ. ಇನ್ನೊಬ್ಬನು ಕೈಯೆತ್ತಿ ಪ್ರಾಣಭಿಕ್ಷೆ ಬೇಡುತ್ತಿದ್ದಾನೆ. ಇವರೆಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡ ಗಾತ್ರದಲ್ಲಿ, ಬಿದ್ದ ಹೆಣಗಳ ಮೇಲೆ ಕಾಲಿರಿಸಿ ಅರಸನು ನಿಂತಿದ್ದಾನೆ. ಕೈಗಳಲ್ಲಿ ಬಿಲ್ಲು ಬಾಣ, ತೋಳಿನ ಬಳಿ ಕೊಡಲಿ, ಎದೆಗಿಳಿದ ಗಡ್ಡ, ತಲೆಯಲ್ಲಿ ಕೊಂಬುಳ್ಳ ಶಿರಸ್ತ್ರಾಣ. ಅವನಿಗೂ ಮೇಲೆ, ಶಿಖರದ ತುದಿಯಲ್ಲಿ, ಕಿರಣಗಳುಳ್ಳ ನಕ್ಷತ್ರಾಕೃತಿಗಳು.

ನಮ್ಮ ನಾಡಿನ ವೀರಗಲ್ಲುಗಳನ್ನು ಕಂಡವರಿಗೆ ಒಂದು ಸಂಗತಿ ಕೂಡಲೇ ಹೊಳೆಯುತ್ತದೆ. ವೀರಗಲ್ಲಿನಲ್ಲಿ ಕಥೆ ಸಾಮಾನ್ಯವಾಗಿ ಒಂದರ ಮೇಲೊಂದು ಪಟ್ಟಿಕೆಗಳಾಗಿ ಸಾಗುತ್ತದೆ. ಮೆಸೊಪೊಟೇಮಿಯದ ಹಳೆಯ ಶಿಲ್ಪಿಗಳೂ ಹಾಗೆಯೇ ಪಟ್ಟಿಕೆಗಳಲ್ಲಿ ಕೆತ್ತುತ್ತಿದ್ದರು. ಇವೆರಡಕ್ಕೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೆ ಈ ಹೋಲಿಕೆಯಿಂದ ನರಾಮ್‌ಸಿನ್‌ನ ಶಿಲ್ಪಿ ಮಾಡಿದ ಬದಲಾವಣೆ ಸ್ಪಷ್ಟವಾಗುತ್ತದೆ. ಅವನು ಪಟ್ಟಿಕೆಗಳನ್ನು ತೊಡೆದುಹಾಕಿ, ಇಡೀ ಕಲ್ಲನ್ನು ಒಂದೇ ಬೆಟ್ಟವನ್ನಾಗಿಸಿ, ನೋಟವನ್ನು ಕೆಳಗಿನಿಂದ ಮೇಲಕ್ಕೆ ಕರೆದೊಯ್ಯುತ್ತಾನೆ. ಸೈನಿಕರ ಮುಖ ಅರಸನ ಕಡೆಗೆ. ಅರಸನ ಮುಖ ಶಿಖರದ ಕಡೆಗೆ. ಈ ಏರಿಕೆಯೇ ಶಿಲೆಯ ಮೊದಲ ವಾಕ್ಯ.

ಹದ್ದುಗಳ ಶಿಲೆಯೊಡನೆ ಹೋಲಿಕೆ

ಸಂಕೇತವೊಂದರ ಅರ್ಥವನ್ನು ನಿರ್ಧರಿಸಬೇಕಾದರೆ ಅದಕ್ಕಿಂತ ಹಿಂದಿನ ಪರಂಪರೆಯನ್ನು ನೋಡಬೇಕು. ನರಾಮ್‌ಸಿನ್‌ಗೆ ಸುಮಾರು ಇನ್ನೂರು ವರ್ಷ ಮೊದಲು ಲಗಾಶ್ ನಗರದ ಅರಸ ಎಅನ್ನಾತುಮ್, ನೆರೆಯ ಉಮ್ಮಾ ನಗರವನ್ನು ಸೋಲಿಸಿದ ನೆನಪಿಗಾಗಿ ಒಂದು ಶಿಲೆಯನ್ನು ನಿಲ್ಲಿಸಿದನು. ಸತ್ತವರ ರುಂಡಗಳನ್ನು ಕಚ್ಚಿಕೊಂಡು ಹಾರುವ ರಣಹದ್ದುಗಳ ಚಿತ್ರವಿರುವುದರಿಂದ ಅದಕ್ಕೆ 'ಹದ್ದುಗಳ ಶಿಲೆ' ಎಂದು ಹೆಸರಾಗಿದೆ. ಅದರ ಚೂರುಗಳು ಪ್ರಾಚೀನ ಗಿರ್ಸುವಿನಲ್ಲಿ ದೊರೆತವು, ಅವೂ ಲೂವ್ರ್‌ನಲ್ಲಿವೆ.

ಆ ಶಿಲೆಗೆ ಎರಡು ಮುಖ. ಒಂದರಲ್ಲಿ ಅರಸನು ಗುರಾಣಿ ಹಿಡಿದ ಸೈನಿಕರ ಮುಂದೆ ನಡೆಯುತ್ತಾನೆ. ಇನ್ನೊಂದರಲ್ಲಿ ಲಗಾಶಿನ ದೇವತೆ ನಿಂಗಿರ್ಸು ಬೃಹದಾಕಾರನಾಗಿ ನಿಂತಿದ್ದಾನೆ. ಅವನ ಒಂದು ಕೈಯಲ್ಲಿ ಗದೆ; ಇನ್ನೊಂದು ಕೈಯಲ್ಲಿ ಶತ್ರುಗಳು ಸಿಕ್ಕಿಬಿದ್ದಿರುವ ದೊಡ್ಡ ಬಲೆ. ಬಲೆಯ ಹಿಡಿಯಲ್ಲಿ ಸಿಂಹಮುಖದ ಗರುಡಪಕ್ಷಿ. ಯುದ್ಧವನ್ನು ಕಾದಿದವನು ಅರಸ, ಗೆದ್ದವನು ದೇವರು. ಇದು ಆ ಶಿಲೆಯ ತಾತ್ಪರ್ಯ. ಶಿಲೆಯ ಬರಹವು ಎಅನ್ನಾತುಮನನ್ನು ನಿಂಗಿರ್ಸುವಿನ ಬೀಜದಿಂದ ಹುಟ್ಟಿದವನೆಂದು ಹೇಳುತ್ತದೆ. ಹೀಗೆ ದೈವಾಂಶಸಂಭೂತನೆನಿಸಿಕೊಂಡರೂ ಅವನ ತಲೆಯ ಮೇಲೆ ಕೊಂಬುಗಳಿಲ್ಲ. ದೇವರ ಮಗನಾಗುವುದು ಬೇರೆ, ದೇವರಾಗುವುದು ಬೇರೆ ಎಂಬ ವಿವೇಕವನ್ನು ಆ ಕಾಲದ ಶಿಲ್ಪಿ ಉಳಿಸಿಕೊಂಡಿದ್ದನು.

ನರಾಮ್‌ಸಿನ್‌ನ ಶಿಲೆಯಲ್ಲಿ ಬಲೆ ಹಿಡಿದ ದೇವರಿಲ್ಲ. ಮನುಷ್ಯರೂಪದ ದೇವತೆಯೇ ಇಲ್ಲ. ಅತ್ಯಂತ ದೊಡ್ಡ ಆಕೃತಿ ಅರಸನದು. ದೇವತೆಗಳು ನಕ್ಷತ್ರಗಳಾಗಿ ದೂರ ಸರಿದಿದ್ದಾರೆ. ಎರಡು ಶಿಲೆಗಳ ನಡುವಣ ಎರಡು ಶತಮಾನಗಳಲ್ಲಿ ರಾಜತ್ವದ ಕಲ್ಪನೆ ಬಹುದೂರ ನಡೆದಿತ್ತೆಂಬುದು ನಿರ್ವಿವಾದ. ಎಷ್ಟು ದೂರ ಎಂಬುದೇ ಪ್ರಶ್ನೆ.

ಕೊಂಬು

ಮೆಸೊಪೊಟೇಮಿಯದ ಶಿಲ್ಪದಲ್ಲಿ ಕೊಂಬಿನ ಕಿರೀಟವು ದೇವತ್ವದ ಲಾಂಛನ. ಅದನ್ನು ಧರಿಸಿದವನು ದೇವತೆ, ಧರಿಸದವನು ಮನುಷ್ಯ. ಸೂಸಾದಲ್ಲಿಯೇ 1901-02ರಲ್ಲಿ ದೊರೆತ ಹಮ್ಮುರಾಬಿಯ ಶಾಸನಶಿಲೆಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಸೂರ್ಯದೇವತೆ ಶಮಾಶ್ ಕೊಂಬಿನ ಕಿರೀಟ ಧರಿಸಿ ಪೀಠದ ಮೇಲೆ ಕುಳಿತಿದ್ದಾನೆ. ಹಮ್ಮುರಾಬಿ ಬರಿಯ ಟೊಪ್ಪಿಗೆ ಧರಿಸಿ ಕೈಯೆತ್ತಿ ವಿನಯದಿಂದ ನಿಂತಿದ್ದಾನೆ. ನರಾಮ್‌ಸಿನ್ ಕೊಂಬನ್ನು ತೊಟ್ಟುಕೊಂಡನೆಂದರೆ ದೇವತೆಗಳ ಸಾಲಿನಲ್ಲಿ ಸ್ಥಾನವನ್ನು ಹೊಂದಿದನೆಂದೇ ಅರ್ಥ.

ಆದರೆ ಯಾವ ಸ್ಥಾನ? ಶಮಾಶ್‌ನ ಕಿರೀಟದಲ್ಲಿ ಕೊಂಬುಗಳು ಒಂದರ ಮೇಲೊಂದು ಹಲವು ಜೊತೆಯಾಗಿವೆ. ಮಹಾದೇವತೆಗಳ ಕಿರೀಟದ ಲಕ್ಷಣ ಇದು. ನರಾಮ್‌ಸಿನ್‌ನ ಶಿರಸ್ತ್ರಾಣದಲ್ಲಿರುವುದು ಒಂದೇ ಜೊತೆ. ಅದು ಕೆಳಗಿನ ಶ್ರೇಣಿಯ ದೇವತೆಯ ಗುರುತು. ಅದೂ ಕಿರೀಟಕ್ಕಲ್ಲ, ಯೋಧನ ಶಿರಸ್ತ್ರಾಣಕ್ಕೆ ಜೋಡಿಸಿದ ಕೊಂಬು. ಶಿಲ್ಪಿಯು ತನ್ನ ಅರಸನಿಗೆ ದೇವತ್ವವನ್ನು ಕೊಟ್ಟಿದ್ದಾನೆ, ಆದರೆ ಅಳತೆಯಿಟ್ಟು ಕೊಟ್ಟಿದ್ದಾನೆ.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೊಂಬಿನ ಕಿರೀಟವೆಂದೊಡನೆ ಮೊಹೆಂಜೊದಾರೊದ ಪ್ರಸಿದ್ಧ ಮುದ್ರೆಯೂ, ಅದರಲ್ಲಿ ಪಶುಪತಿ ಶಿವನ ಪೂರ್ವರೂಪವನ್ನು ಕಂಡ ಜಾನ್ ಮಾರ್ಷಲ್ ಅವರ 1931ರ ಅಭಿಪ್ರಾಯವೂ ನಮ್ಮ ಮನಸ್ಸಿಗೆ ಬರುವುದು ಸಹಜ. ಅಕ್ಕಾಡ್ ಮತ್ತು ಸಿಂಧೂ ನಾಗರಿಕತೆಗಳು ಸಮಕಾಲೀನವೆಂಬುದು ನಿಜ. ಮೆಲುಹ್ಹಾದ ಹಡಗುಗಳು ಅಕ್ಕಾಡಿನ ಕಟ್ಟೆಗೆ ಬಂದು ನಿಂತವೆಂದು ಸಾರ್ಗಾನ್‌ನ ಶಾಸನ ಹೇಳುತ್ತದೆ. ಮೆಲುಹ್ಹಾ ಎಂದರೆ ಸಿಂಧೂ ಪ್ರದೇಶವೆಂಬುದು ಬಹುಮಂದಿ ವಿದ್ವಾಂಸರ ಮತ. ಮೆಲುಹ್ಹಾ ಭಾಷೆಯ ದುಭಾಷಿಯೊಬ್ಬನ ಮುದ್ರೆಯೂ ಅಕ್ಕಾಡಿನ ಕಾಲದ್ದೇ ದೊರೆತಿದೆ. ವ್ಯಾಪಾರವಿತ್ತು, ಮಾತುಕತೆಯಿತ್ತು. ಆದರೆ ಅಷ್ಟರಿಂದಲೇ ಒಂದು ದೇಶದ ಸಂಕೇತದ ಅರ್ಥವನ್ನು ಇನ್ನೊಂದು ದೇಶದ ಸಂಕೇತಕ್ಕೆ ಹೊರಿಸಲಾಗದು. ಅಕ್ಕಾಡಿನ ಕೊಂಬಿಗೆ ಅರ್ಥ ಹೇಳುವ ಬರಹಗಳು ನಮ್ಮ ಕೈಯಲ್ಲಿವೆ. ಸಿಂಧೂ ಲಿಪಿಯಾದರೋ ಇನ್ನೂ ಸರ್ವಸಮ್ಮತವಾಗಿ ಓದಲ್ಪಟ್ಟಿಲ್ಲ. ಓದಬಲ್ಲುದನ್ನು ಅದರದೇ ನೆಲೆಯಲ್ಲಿ ಓದುವುದು ಮೊದಲ ಕರ್ತವ್ಯ.

ನಕ್ಷತ್ರ

ನಮ್ಮ ವೀರಗಲ್ಲುಗಳ ತುದಿಯಲ್ಲಿ ಸೂರ್ಯಚಂದ್ರರಿರುತ್ತಾರೆ. ಅವರಿರುವ ತನಕ ಕೀರ್ತಿಯು ನಿಲ್ಲಲಿ ಎಂಬುದು ಅಲ್ಲಿಯ ಆಶಯ. ಈ ಅಭ್ಯಾಸಬಲದಿಂದ ನರಾಮ್‌ಸಿನ್‌ನ ನಕ್ಷತ್ರಗಳನ್ನೂ ಶಾಶ್ವತತೆಯ ಚಿಹ್ನೆಗಳೆಂದು ಓದಿದರೆ ತಪ್ಪಾಗುತ್ತದೆ. ಅಲ್ಲಿ ನಕ್ಷತ್ರವೆಂದರೆ ಸಾಕ್ಷಾತ್ ದೇವತೆ. ಬೆಣೆಲಿಪಿಯಲ್ಲಿ 'ದೇವರು' ಎಂಬುದಕ್ಕೆ ಇರುವ ಅಕ್ಷರವೇ ಮೂಲದಲ್ಲಿ ನಕ್ಷತ್ರದ ಚಿತ್ರ. ದೇವತೆಯ ಹೆಸರನ್ನು ಬರೆಯುವಾಗ ಲಿಪಿಕಾರನು ಮೊದಲು ಆ ನಕ್ಷತ್ರಾಕ್ಷರವನ್ನು ಬರೆದು ಅನಂತರ ಹೆಸರನ್ನು ಬರೆಯುತ್ತಿದ್ದನು. ಓದುವಾಗ ಅದನ್ನು ಉಚ್ಚರಿಸುವುದಿಲ್ಲ. ಮುಂದೆ ಬರುವುದು ದೇವನಾಮವೆಂದು ಕಣ್ಣಿಗೆ ತಿಳಿಸುವುದಷ್ಟೇ ಅದರ ಕೆಲಸ.

ನರಾಮ್‌ಸಿನ್‌ನ ಆಳ್ವಿಕೆಯ ಮೊದಲ ಕಾಲದ ಶಾಸನಗಳಲ್ಲಿ ಅವನ ಹೆಸರಿನ ಹಿಂದೆ ಈ ಅಕ್ಷರವಿಲ್ಲ, ಅನಂತರದವುಗಳಲ್ಲಿ ಇದೆ. ಬರಹದಲ್ಲಿ ಹೆಸರಿಗೆ ಸೇರಿದ ನಕ್ಷತ್ರ, ಶಿಲ್ಪದಲ್ಲಿ ತಲೆಗೆ ಸೇರಿದ ಕೊಂಬು ಎರಡೂ ಒಂದೇ ಘೋಷಣೆಯ ಎರಡು ರೂಪಗಳು.

ಶಿಖರದ ಮೇಲಿನ ನಕ್ಷತ್ರಗಳು ಯಾವ ದೇವತೆಗಳವು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಶಿಲೆಯು ಶಮಾಶ್‌ನ ಪವಿತ್ರನಗರವಾದ ಸಿಪ್ಪಾರಿನಲ್ಲಿದ್ದುದರಿಂದ ಸೂರ್ಯನೆನ್ನುವವರುಂಟು. ಅಕ್ಕಾಡಿನ ಯುದ್ಧದೇವತೆಯಾದ ಇಶ್ತಾರಳ ತಾರೆಯನ್ನು ಕಾಣುವವರೂ ಉಂಟು. ಕಲ್ಲಿನ ತುದಿ ಒಡೆದಿರುವುದರಿಂದ ಸಂಖ್ಯೆಯ ಆಧಾರದ ಮೇಲೆ ವಾದಿಸುವಂತಿಲ್ಲ. ಯಾವ ದೇವತೆಯಾದರೂ ಆಗಲಿ, ಮುಖ್ಯಾಂಶ ಬೇರೆಯಾಗಿದೆ. ನಕ್ಷತ್ರಗಳು ಅರಸನಿಗಿಂತ ಮೇಲಿವೆ. ಅರಸನು ಶಿಖರದ ತುದಿಯನ್ನು ಮುಟ್ಟಿಲ್ಲ. ಅವನೆದುರಿಗೆ ಶಿಖರವು ಅವನ ತಲೆಯನ್ನು ಮೀರಿ ನಿಂತಿದೆ. ಅವನ ದೃಷ್ಟಿ ಮೇಲ್ಮುಖವಾಗಿದೆ. ದೇವತೆಗಳನ್ನು ಅವಮಾನಿಸಹೊರಟವನ ಚಿತ್ರವಾಗಿದ್ದರೆ ಆ ಶಿಖರವೂ ನಕ್ಷತ್ರಗಳೂ ಅವನ ಕಾಲ ಕೆಳಗೆ ಇರಬೇಕಾಗಿತ್ತು.

ಬಸೆಟ್ಕಿಯ ಸಾಕ್ಷ್ಯ

ಕೊಂಬು ಮತ್ತು ನಕ್ಷತ್ರಗಳ ಈ ವ್ಯಾಖ್ಯಾನಕ್ಕೆ ಬಲವಾದ ಬೆಂಬಲ ಇನ್ನೊಂದೆಡೆಯಿಂದ ದೊರೆತಿದೆ. 1970ರ ದಶಕದಲ್ಲಿ ಉತ್ತರ ಇರಾಕಿನ ಬಸೆಟ್ಕಿ ಎಂಬಲ್ಲಿ ರಸ್ತೆಯ ಕೆಲಸ ನಡೆಯುತ್ತಿದ್ದಾಗ ಎರಕ ಹೊಯ್ದ ತಾಮ್ರದ ಪ್ರತಿಮೆಯೊಂದರ ಕೆಳಭಾಗ ಸಿಕ್ಕಿತು. 2003ರಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾದಾಗ ಅದು ಕಳವಾಗಿ, ಅದೇ ವರ್ಷ ಮರಳಿ ದೊರೆಯಿತು. ಅದರ ಪೀಠದ ಮೇಲಿನ ಶಾಸನದ ಸಾರಾಂಶ ಹೀಗಿದೆ: ನಾಲ್ಕು ದಿಕ್ಕುಗಳೂ ಒಟ್ಟಾಗಿ ದಂಗೆಯೆದ್ದಾಗ ನರಾಮ್‌ಸಿನ್ ಒಂದೇ ವರ್ಷದಲ್ಲಿ ಒಂಬತ್ತು ಯುದ್ಧಗಳನ್ನು ಗೆದ್ದನು, ಸಂಕಟದಲ್ಲಿ ನಗರದ ಬುಡವನ್ನು ಭದ್ರಪಡಿಸಿದನು, ಆದುದರಿಂದ ನಗರದ ಜನರು ಅವನು ತಮ್ಮ ನಗರದ ದೇವತೆಯಾಗಬೇಕೆಂದು ದೇವತೆಗಳಲ್ಲಿ ಬೇಡಿಕೊಂಡರು, ಅಕ್ಕಾಡಿನ ನಡುವೆ ಅವನಿಗೊಂದು ಗುಡಿ ಕಟ್ಟಿದರು. ಹಾಗೆ ಬೇಡಿಕೊಂಡದ್ದು ಯಾರಲ್ಲಿ ಎಂಬುದನ್ನೂ ಶಾಸನ ಹೆಸರಿಸುತ್ತದೆ. ಇಶ್ತಾರ್, ಎನ್ಲಿಲ್, ದಾಗಾನ್, ನಿನ್‌ಹುರ್ಸಾಗ್, ಎಆ, ಸಿನ್, ಶಮಾಶ್, ನೆರ್ಗಾಲ್ ಎಂಬ ಎಂಟು ದೇವತೆಗಳು, ಅವರವರ ನಗರಗಳ ಹೆಸರಿನೊಡನೆ, ಅಲ್ಲಿ ಬರುತ್ತಾರೆ.

ಇದು ಅರಸನೇ ಬರೆಯಿಸಿದ ಶಾಸನ. ಅವನ ಪಕ್ಷದ ಮಾತು ಎಂಬುದನ್ನು ಮರೆಯಬಾರದು. ಜನರು ನಿಜವಾಗಿ ಬೇಡಿದರೋ, ಬೇಡುವಂತೆ ಮಾಡಲಾಯಿತೋ ಎಂಬ ಸಂಶಯಕ್ಕೆ ಎಡೆಯುಂಟು. ಆದರೂ ಮಾತಿನ ರೀತಿ ಗಮನಾರ್ಹ. ಅರಸನು ತಾನಾಗಿ ದೇವತ್ವವನ್ನು ಕಸಿದುಕೊಂಡೆನೆನ್ನುವುದಿಲ್ಲ. ಜನರ ಪ್ರಾರ್ಥನೆ ಬೇಕು, ಹಿರಿಯ ದೇವತೆಗಳ ಒಪ್ಪಿಗೆ ಬೇಕು. ದೊರೆತ ಅಧಿಕಾರವಾದರೂ ಒಂದು ನಗರಕ್ಕೆ ಸೀಮಿತವಾದುದು. ಅವನು ಅಕ್ಕಾಡಿನ ದೇವತೆ, ಜಗತ್ತಿನ ದೇವರಲ್ಲ. ಒಂದೇ ಜೊತೆಯ ಕೊಂಬೂ, ತಲೆಯ ಮೇಲಿನ ನಕ್ಷತ್ರಗಳೂ ಇದನ್ನೇ ಹೇಳುತ್ತವೆ.

ಮಾನವನು ದೇವನಾಗುವ ಮಾತು ಬಂದಾಗ ಶರಣತತ್ತ್ವವನ್ನು ಬಲ್ಲವರಿಗೆ ಲಿಂಗಾಂಗ ಸಾಮರಸ್ಯವು ನೆನಪಾಗಬಹುದು. ಎರಡನ್ನೂ ಬೆರೆಸಬಾರದು. ಷಟ್‌ಸ್ಥಲದ ಪಥದಲ್ಲಿ 'ನಾನು' ಎಂಬುದು ಕರಗಿದಲ್ಲದೆ ಐಕ್ಯವಿಲ್ಲ. ನರಾಮ್‌ಸಿನ್‌ಗೆ ದೊರೆತದ್ದು ಪದವಿ. ಅಲ್ಲಿ 'ನಾನು' ಕರಗಲಿಲ್ಲ, ಹೆಸರಾಗಿ ಬೆಳೆಯಿತು. ಅದು ಅನುಭಾವದ ಸಂಗತಿಯಲ್ಲ, ರಾಜ್ಯಶಾಸ್ತ್ರದ ಸಂಗತಿ. ಪ್ರತಿ ನಗರಕ್ಕೂ ಒಬ್ಬ ದೇವತೆಯಿದ್ದ ನಾಡಿನಲ್ಲಿ ಎಲ್ಲ ನಗರಗಳನ್ನೂ ಆಳಬೇಕಾದ ಅರಸನಿಗೆ ಎಲ್ಲ ನಗರಗಳೂ ಮನ್ನಿಸುವಂತಹ ಒಂದು ಪದವಿ ಬೇಕಾಗಿತ್ತು.

ಶಾಪದ ಕಥೆ

ಹಾಗಾದರೆ ನರಾಮ್‌ಸಿನ್ ದೇವದ್ರೋಹಿಯೆಂಬ ಮಾತು ಹುಟ್ಟಿದ್ದೆಲ್ಲಿ? ಅದರ ಮೂಲ 'ಅಗಾದೆಯ ಶಾಪ' ಎಂದು ಪ್ರಸಿದ್ಧವಾದ ಸುಮೇರಿಯನ್ ಕಾವ್ಯ. ಅಗಾದೆ ಎಂದರೆ ಅಕ್ಕಾಡ್. ಕಾವ್ಯದಲ್ಲಿ ಇನಾನ್ನಾ ದೇವಿಯು ನಗರವನ್ನು ತೊರೆದುಹೋಗುತ್ತಾಳೆ. ನರಾಮ್‌ಸಿನ್ ಏಳು ವರ್ಷ ದುಃಖದಲ್ಲಿರುತ್ತಾನೆ. ಅನುಕೂಲವಾದ ಶಕುನ ದೊರೆಯದೆ ಕೊನೆಗೆ ನಿಪ್ಪೂರಿನಲ್ಲಿರುವ ಎನ್ಲಿಲ್ ದೇವನ ಏಕೂರ್ ದೇವಾಲಯವನ್ನೇ ಕೊಡಲಿಗಳಿಂದ ಕೆಡಹಿಸುತ್ತಾನೆ. ಕುಪಿತನಾದ ಎನ್ಲಿಲ್ ಬೆಟ್ಟಗಳಿಂದ ಗುತಿಯನ್ನರನ್ನು ಕರೆತಂದು ನಾಡನ್ನು ಹಾಳುಮಾಡಿಸುತ್ತಾನೆ.

ಕಾವ್ಯವಾಗಿ ಇದು ಶಕ್ತಿಯುತವಾದುದು. ಇತಿಹಾಸವಾಗಿ ನಿಲ್ಲುವುದಿಲ್ಲ. ನರಾಮ್‌ಸಿನ್‌ನ ಮರಣಾನಂತರ ಅವನ ಮಗ ಶರ್‌ಕಾಲಿಶರ್ರಿ ಸುಮಾರು 25 ವರ್ಷ ಆಳಿದನು. ಸಾಮ್ರಾಜ್ಯ ಕುಸಿದದ್ದು ಆ ಬಳಿಕ. ಏಕೂರ್ ದೇವಾಲಯವನ್ನು ನರಾಮ್‌ಸಿನ್ ಜೀರ್ಣೋದ್ಧಾರ ಮಾಡಲು ತೊಡಗಿದನೆಂಬುದಕ್ಕೆ ನಿಪ್ಪೂರಿನಲ್ಲಿ ಅವನ ಹೆಸರನ್ನೊತ್ತಿದ ಇಟ್ಟಿಗೆಗಳೇ ಸಾಕ್ಷಿ. ಮಗನ ಕಾಲದಲ್ಲಿಯೂ ಆ ಕೆಲಸ ಮುಂದುವರಿಯಿತು. ಹೊಸದಾಗಿ ಕಟ್ಟಲೆಂದು ಹಳೆಯದನ್ನು ಬಿಚ್ಚಿದುದನ್ನೇ ಮುಂದಿನ ಪೀಳಿಗೆಯವರು ವಿಧ್ವಂಸವೆಂದು ನೆನೆದಿರಬಹುದೆಂದು ಊಹಿಸುವುದು ಅಸಂಗತವಾಗಲಾರದು. ಹೇಗೇ ಇರಲಿ, ಆಮೇಲೆ ಹುಟ್ಟಿದ ಕಾವ್ಯದ ತೀರ್ಪನ್ನು ಮೊದಲೇ ಕೆತ್ತಿದ ಕಲ್ಲಿನ ಮೇಲೆ ಹೇರುವುದು ಸರಿಯಾದ ವ್ಯಾಖ್ಯಾನಕ್ರಮವಲ್ಲ.

ಇಷ್ಟರಿಂದ ನರಾಮ್‌ಸಿನ್‌ನನ್ನು ನಿರ್ದೋಷಿಯೆಂದು ಎತ್ತಿಹಿಡಿದಂತಾಗಲಿಲ್ಲ. ಕೊರಳಿಗೆ ನಾಟಿದ ಆಯುಧವನ್ನು ಹಿಡಿದು ಕುಸಿಯುತ್ತಿರುವ ಲುಲ್ಲುಬಿಯವನ ನೋವನ್ನು ಶಿಲ್ಪಿ ಎಷ್ಟು ನಿಪುಣತೆಯಿಂದ ಕಂಡಿದ್ದಾನೋ ಅರಸನು ಅದನ್ನು ಅಷ್ಟೇ ಸಂತೋಷದಿಂದ ಕಂಡಿರಬೇಕು. ಈ ಶಿಲೆಯಲ್ಲಿ ನಮ್ಮ ಮನಸ್ಸನ್ನು ಕಲಕಬೇಕಾದದ್ದು ಕೊಂಬಿಗಿಂತ ಹೆಚ್ಚಾಗಿ ಆ ಕಾಲಡಿಯ ಹೆಣಗಳು. ದೇವತೆಗಳ ವಿಷಯದಲ್ಲಿ ಅಳತೆ ಕಾಯ್ದ ಅರಸನು ಮನುಷ್ಯರ ವಿಷಯದಲ್ಲಿ ಕಾಯಲಿಲ್ಲ. ಆ ಭಂಗಿಯು ಅವನೊಡನೆ ಮುಗಿಯಲೂ ಇಲ್ಲ. ಅವನ ತರುವಾಯದ ಕಾಲದಲ್ಲಿ ಲುಲ್ಲುಬಿಯವರ ಅರಸನೇ ಆದ ಅನುಬನಿನಿ, ಸರ್‌ಪೋಲ್ ಎಂಬಲ್ಲಿಯ ಬಂಡೆಯ ಮೇಲೆ, ಬಿದ್ದ ಶತ್ರುವಿನ ಎದೆಯನ್ನು ಮೆಟ್ಟಿ ನಿಂತ ತನ್ನ ಚಿತ್ರವನ್ನು ಕೆತ್ತಿಸಿದನು. ಬರಹಕ್ಕೆ ಬಳಸಿದ್ದೂ ಅಕ್ಕಾಡಿಯನ್ ಭಾಷೆಯನ್ನೇ. ಮತ್ತೆ ಶತಮಾನಗಳು ಕಳೆದ ಮೇಲೆ ಪರ್ಷಿಯದ ದಾರಿಯುಷನು ಬೆಹಿಸ್ತೂನಿನಲ್ಲಿ ಅದೇ ಮಾದರಿಯನ್ನು ಅನುಸರಿಸಿದನು. ಮೆಟ್ಟಿಸಿಕೊಂಡವರು ಮೆಟ್ಟುವುದನ್ನು ಕಲಿತರು.

ಕಲ್ಲಿನ ಪ್ರಯಾಣ

ಈಗ ಸೂಸಾದ ಪ್ರಶ್ನೆಗೆ ಬರೋಣ. ಕ್ರಿ.ಪೂ. 12ನೆಯ ಶತಮಾನದಲ್ಲಿ ಏಲಾಮಿನ ಅರಸ ಶುತ್ರುಕ್ ನಹ್ಹುಂತೆ ಮೆಸೊಪೊಟೇಮಿಯದ ಮೇಲೆ ದಂಡೆತ್ತಿ ಬಂದು, ಸಿಪ್ಪಾರನ್ನು ಗೆದ್ದು, ಈ ಶಿಲೆಯನ್ನು ತನ್ನ ನಾಡಿಗೆ ಸಾಗಿಸಿದನು. ನಕ್ಷತ್ರಗಳ ಕೆಳಗಿನ ಆ ಶಿಖರದ ಮೇಲೆಯೇ ಏಲಾಮಿನ ಭಾಷೆಯಲ್ಲಿ ತನ್ನ ಶಾಸನವನ್ನು ಕೆತ್ತಿಸಿದನು. ಸಿಪ್ಪಾರನ್ನು ತಾನು ಗೆದ್ದುದು, ನರಾಮ್‌ಸಿನ್‌ನ ಶಿಲೆಯನ್ನು ತಂದು ತನ್ನ ದೇವರಾದ ಇನ್‌ಶುಶಿನಾಕನಿಗೆ ಅರ್ಪಿಸಿದುದು ಅದರ ವಿಷಯ. ನರಾಮ್‌ಸಿನ್‌ನ ಮೂಲ ಬರಹ ಇಂದು ಬಹುಮಟ್ಟಿಗೆ ಅಳಿಸಿಹೋಗಿದೆ. ಗೆದ್ದೊಯ್ದವನ ಬರಹ ಮಾತ್ರ ಸ್ಪಷ್ಟವಾಗಿದೆ. ಒಬ್ಬನ ವಿಜಯಸ್ಮಾರಕವು ಇನ್ನೊಬ್ಬನ ಕೊಳ್ಳೆಯ ಸರಕಾಯಿತು.

ಈ ಕಥೆಗೆ ಇನ್ನೊಂದು ಕೊನೆಯೂ ಉಂಟು. ಕ್ರಿ.ಪೂ. 6ನೆಯ ಶತಮಾನದಲ್ಲಿ ಬ್ಯಾಬಿಲೋನಿನ ಕೊನೆಯ ಅರಸ ನಬೊನಿಡಸ್, ಅದೇ ಸಿಪ್ಪಾರಿನಲ್ಲಿ ಶಮಾಶ್‌ನ ಎಬಬ್ಬಾರ್ ದೇವಾಲಯವನ್ನು ಹೊಸದಾಗಿ ಕಟ್ಟಲು ನೆಲವನ್ನು ಅಗೆಯಿಸಿದನು. ಆಳದಲ್ಲಿ ನರಾಮ್‌ಸಿನ್ ಹಾಕಿಸಿದ್ದ ಅಸ್ತಿವಾರ ಕಂಡಿತು. ಅದು 3,200 ವರ್ಷಗಳಷ್ಟು ಹಿಂದಿನದೆಂದು ಅವನು ಬರೆಯಿಸಿದನು. ಲೆಕ್ಕ ತಪ್ಪು, ನಿಜವಾದ ಅಂತರ ಸುಮಾರು 1,700 ವರ್ಷ. ಆದರೆ ಶ್ರದ್ಧೆ ತಪ್ಪಲಿಲ್ಲ. ಆ ಹಳೆಯ ಅಸ್ತಿವಾರವನ್ನು ಒಂದು ಬೆರಳಷ್ಟೂ ಮೀರದಂತೆ, ಒಂದು ಬೆರಳಷ್ಟೂ ಕುಗ್ಗದಂತೆ ತನ್ನ ಗೋಡೆಗಳನ್ನು ಎಬ್ಬಿಸಿದೆನೆಂದು ಹೇಳಿಕೊಂಡನು.

ಒಂದೇ ನಗರದಲ್ಲಿ ಒಬ್ಬನೇ ಅರಸನ ಎರಡು ಕಲ್ಲುಕೆಲಸಗಳು. ಎಲ್ಲರೂ ನೋಡಲೆಂದು, ಹೆಣಗಳ ಮೇಲೆ ಕಾಲಿರಿಸಿದ ತನ್ನ ರೂಪವನ್ನು ಕೆತ್ತಿಸಿ ಎತ್ತರದಲ್ಲಿ ನಿಲ್ಲಿಸಿದ್ದನ್ನು ಶತ್ರು ಹೊತ್ತೊಯ್ದನು. ದೇವರ ಮನೆಗೆಂದು, ಯಾರ ಕಣ್ಣಿಗೂ ಬೀಳದಂತೆ ಮಣ್ಣಿನಲ್ಲಿ ಹುಗಿದದ್ದು ಇದ್ದಲ್ಲಿಯೇ ಉಳಿದು, ಹದಿನೇಳು ಶತಮಾನಗಳ ಮೇಲೆ ಮತ್ತೊಂದು ದೇವಾಲಯವನ್ನು ಹೊತ್ತು ನಿಂತಿತು. ಕೊಂಬು ನಕ್ಷತ್ರಗಳ ಅರ್ಥವನ್ನು ಅರಸುವ ವಿದ್ಯಾರ್ಥಿಗಳು ಆ ಅಸ್ತಿವಾರವನ್ನೂ ನರಾಮ್‌ಸಿನ್‌ನ ಶಿಲೆಗಳಲ್ಲಿ ಒಂದೆಂದು ಎಣಿಸಿ ಓದಬೇಕು.